ಕಲ್ಲವ್ವ ಕಲಸದ ಎಲೆಗಳು

ಗಜೇಂದ್ರಗಡದವರು ಕಲ್ಲವ್ವನನ್ನು ಭವಿಷ್ಯ ನೋಡುವ ಹೆಂಗಸೆಂದು ತಿಳಿದಿದ್ದರು. ಅದು ತಪ್ಪು ತಿಳಿವಳಿಕೆ. ದಿನವೂ ಬೆಳಗ್ಗೆ ಆಕೆ ಒಂದು ಎಲೆ ತೆಗೆದು ನೋಡುತ್ತಿದ್ದುದು ನಿಜ. ಆದರೆ ಅದರಲ್ಲಿ ಆಕೆ ನೋಡುತ್ತಿದ್ದುದು ನಾಳೆಯನ್ನಲ್ಲ.

ಎಲೆ ಎಂದರೆ ಇಸ್ಪೀಟಿನಂತೆ ಆಡುವ ಗಂಜೀಫದ ಎಲೆ. ಅಂಗೈಗಿಂತ ಚಿಕ್ಕದು, ದುಂಡಗಿನದು, ಅರಗಿನ ಹೊಳಪಿನದು. ಹತ್ತು ಅವತಾರಗಳಿಗೆ ಹತ್ತು ಪಂಗಡ. ಪ್ರತಿ ಪಂಗಡಕ್ಕೂ ಒಬ್ಬ ರಾಜ, ಒಬ್ಬ ಪ್ರಧಾನಿ. ಆಮೇಲೆ ಒಂದರಿಂದ ಹತ್ತರವರೆಗೆ ಮೀನು, ಆಮೆ, ಗಿಂಡಿ, ಕೊಡಲಿ, ಬಾಣ ಇತ್ಯಾದಿ. ಊರ ಸರದಾರರ ವಾಡೆಯ ಹೆಂಗಸರು ಆಡಿ ಬಿಟ್ಟ ಈ ಕಟ್ಟನ್ನು ಅವರಿಗೆ ಬಳೆ ತೊಡಿಸುತ್ತಿದ್ದ ಬದರುನ್ನಿಸಾ ಒಂದು ದಿನ ಮರದ ಪೆಟ್ಟಿಗೆ ಸಮೇತ ಕಲ್ಲವ್ವನ ಮುಂದಿಟ್ಟಳು.

"ರಾಮರಾಜನ ಎಲಿ ಕಳದದ ಅಕ್ಕಾ. ಹಗಲ ಹೊತ್ತು ಆಡೂಮುಂದ ಆ ಎಲಿ ಇದ್ದಾವ್ರ ಆಟ ಸುರು ಮಾಡ್ಬೇಕು. ಅದ ಇಲ್ಲಂದ್ರ ಆಟಾನ ಇಲ್ಲ. ನಿಮ್ಮ ಹುಡುಗ್ರಿಗೆ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಕಲ್ಲವ್ವನಿಗೆ ಹುಡುಗರಿರಲಿಲ್ಲ.

"ನನಗ ಇರ್ಲಿ ತಗೊ," ಎಂದಳು ಕಲ್ಲವ್ವ. "ಆಟ ನಿಂತಾಕಿ ನಾನೂ."

ಅದೇ ವರ್ಷ ಆಕೆ ನರಗುಂದದ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಗಂಡ ಅಂದಾನಪ್ಪ ಕಾಳುಕಡಿಯ ವ್ಯಾಪಾರಿ. ಮಕ್ಕಳಾಗಲಿಲ್ಲವೆಂದು ಎರಡನೆಯವಳನ್ನು ತಂದ. ಜಗಳವೇನೂ ಆಗಲಿಲ್ಲ. ಹೊಸಬಳು ಒಳಗೆ ಬಂದ ಮೇಲೆ ಕಲ್ಲವ್ವ ಹಿತ್ತಲ ಬಾಗಿಲಿನ ಪಕ್ಕದ ಕೋಣೆಗೆ ಹೋದಳು, ಅಲ್ಲಿಂದ ಗಾಡಿಗೆ.

ತಮ್ಮ ಈಶಪ್ಪ ನೇಕಾರರಿಗೆ ನೂಲು ಕೊಟ್ಟು ಸೀರೆ ಕೊಳ್ಳುವವನು. ಬೆಳಗ್ಗೆ ಓಣಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟಿ ಗಂಜಿ ಹಾಕಿಸುವ ಕೆಲಸವನ್ನು ಕಲ್ಲವ್ವ ಹೊತ್ತುಕೊಂಡಳು. ಅದಕ್ಕೆ ಮುಂಚೆ, ಮಸುಕು ಬೆಳಕಿನಲ್ಲಿ, ಕಟ್ಟೆಯ ಮೇಲೆ ಕೂತು ಪೆಟ್ಟಿಗೆ ತೆರೆಯುತ್ತಿದ್ದಳು. ಗುಡ್ಡದ ಮಂಜು ಇಳಿದು ಓಣಿಯಲ್ಲಿ ನಿಂತಿರುತ್ತಿತ್ತು. ಎದುರು ಮನೆ ಇದೆಯೋ ಇಲ್ಲವೋ ಎಂಬಂತೆ ಕಾಣುತ್ತಿತ್ತು. ಮೀನಿನ ಎಲೆ ಬಂದ ದಿನ ಕೆಂಪು ನೂಲಿನ ಕೆಳಗೆ ನೀರು ಹರಿದ ಹಾಗೆ, ಆ ನೀರಿನಲ್ಲಿ ತಾನು ಕಾಲಿಟ್ಟ ಹಾಗೆ ಆಕೆಗೆ ಅನ್ನಿಸುತ್ತಿತ್ತು. ಗಿಂಡಿ ಬಂದ ದಿನ ಓಣಿಯ ಶಬ್ದಗಳೆಲ್ಲ ತುಂಬಿದ ಕೊಡದೊಳಗಿಂದ ಕೇಳಿಸುತ್ತಿದ್ದವು.

"ಲಿಂಗ ಕಟ್ಟಿದಾವ್ರ ಮನ್ಯಾಗ ಹತ್ತು ಅವತಾರ ಯಾಕ ಬೇಕು?" ಎಂದು ಈಶಪ್ಪ ಗೊಣಗುತ್ತಿದ್ದ.

"ನಾ ಏನ ಪೂಜಿ ಮಾಡ್ತೇನೇನೋ? ನೋಡ್ತೇನಿ, ಅಷ್ಟ. ನೀ ಸಂತ್ಯಾಗ ಮಂದಿ ಮಾರಿ ನೋಡೂದಿಲ್ಲೇನು?"

ಯಾರಿಗೂ ತಿಳಿಯದ ಸಂಗತಿ ಒಂದಿತ್ತು. ಕಲ್ಲವ್ವ ಎಲೆಗಳನ್ನು ಕಲಸುತ್ತಿರಲಿಲ್ಲ. ಮೇಲಿನದನ್ನು ತೆಗೆಯುವುದು, ದಿನವಿಡೀ ಸೆರಗಿನಲ್ಲಿ ಕಟ್ಟಿಕೊಂಡಿರುವುದು, ಸಂಜೆ ದೀಪ ಹಚ್ಚಿದ ಮೇಲೆ ಕಟ್ಟಿನ ಅಡಿಗೆ ಸೇರಿಸುವುದು. ಹೀಗಾಗಿ ಸುಮಾರು ನಾಲ್ಕು ತಿಂಗಳಿಗೊಮ್ಮೆ ಅದೇ ಎಲೆ ಅದೇ ಸರದಿಯಲ್ಲಿ ತಿರುಗಿ ಬರುತ್ತಿತ್ತು. ಆಗ ಆಕೆ ಕೇಳಿಕೊಳ್ಳುತ್ತಿದ್ದುದು ಒಂದೇ ಮಾತು: ಹೋದ ಸಲ ಇದು ಬಂದಾಗ ನನ್ನ ಮನಸ್ಸು ಎಲ್ಲಿತ್ತು? ಯಾರ ಮೇಲೆ ಸಿಟ್ಟಿತ್ತು, ಈಗ ಎಲ್ಲಿ ಹೋಯಿತು? ಓದು ಬರಹ ಬಾರದ ಹೆಂಗಸು ತನ್ನ ಲೆಕ್ಕವನ್ನು ತಾನೇ ಒಪ್ಪಿಸಿಕೊಳ್ಳುವ ರೀತಿ ಅದು. ಅದರಲ್ಲಿ ದೈವದ ಕೈವಾಡ ಹುಡುಕುವುದು ವ್ಯರ್ಥ.

ಹೀಗೆ ಐದಾರು ವರ್ಷ ಕಳೆದವು. ೧೮೫೬ರ ಚಳಿಗಾಲದಲ್ಲಿ ಅಂದಾನಪ್ಪನ ಆಳು ದ್ಯಾಮಪ್ಪ ಗಾಡಿ ಹೊಡೆದುಕೊಂಡು ನರಗುಂದದಿಂದ ಬಂದ. ಪಡಸಾಲೆಗೆ ಹತ್ತದೆ ಅಂಗಳದಲ್ಲೇ ನಿಂತು ಹೇಳಿದ:

"ಸಣ್ಣವ್ವಾರು ತೀರ್ಕೊಂಡ್ರು ಅವ್ವಾರ. ಬಾಣಂತನದಾಗ. ಹೆಣ್ಣ ಕೂಸು ಅದ, ಗೌರವ್ವಂತ ಹೆಸರಿಟ್ಟಾರ. ಮನಿ ನಿಮ್ದ, ಬರ್ರಿ ಅಂತ ಸಾವ್ಕಾರ್ರು ಹೇಳಿ ಕಳಿಸ್ಯಾರ."

ಕಲ್ಲವ್ವ ಅವನಿಗೆ ನೀರು ಕೊಟ್ಟಳು. "ನಾಳೆ ಎಲಿ ನೋಡಿ ಹೇಳ್ತೇನಿ," ಎಂದಳು. ಆ ಮಾತು ಆಡಿದ್ದು ಯೋಚಿಸಲು ಹೊತ್ತು ಸಿಗಲೆಂದು. ನಾಳೆ ಬರುವ ಎಲೆ ಒಂದು ಆಮೆಯದು ಎಂದು ಆಕೆಗೆ ಗೊತ್ತೇ ಇತ್ತು.

ಮನೆಯವರಿಗೆ ಗೊತ್ತಿರಲಿಲ್ಲ. ಅಂದು ಊಟದ ಹೊತ್ತಿಗೆ ಗಂಡ ಹೆಂಡಿರ ವಾದ ಶುರುವಾಯಿತು.

"ಗಂಡ ಕರ್ಯಾಕತ್ತಾನ, ಹೋಗ್ಬೇಕು. ಮಂದಿ ಏನಂತಾರ?" ಎಂದ ಈಶಪ್ಪ.

"ಮಂದಿ ಬಂದು ನಿಮ್ಮ ಹಾಸು ಎಳೀತಾರೇನು?" ಎಂದಳು ಅವನ ಹೆಂಡತಿ ಸಿದ್ದಲಿಂಗವ್ವ, ಎದೆಯಲ್ಲಿದ್ದ ಮಗನನ್ನು ಸರಿಪಡಿಸಿಕೊಳ್ಳುತ್ತ. "ಅಕ್ಕಾರು ಹೋದ್ರ ತಿಂಗಳೊಪ್ಪತ್ತಿನ್ಯಾಗ ನೀವ ಗಾಡಿ ಕಟ್ಟಿ ಕರ್ಯಾಕ ಹೋಗ್ತೀರಿ, ನೋಡ್ತಿರ್ರಿ."

ಕಲ್ಲವ್ವ ಇನ್ನೊಂದು ರೊಟ್ಟಿ ಮುರಿದಳು.

ಬೆಳಗ್ಗೆ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ದ್ಯಾಮಪ್ಪ ಎತ್ತುಗಳನ್ನು ಹೂಡದೆ ಕಾದಿದ್ದ. ಬಳೆಯ ಮಲಾರ ಹೊತ್ತು ಹೊರಟಿದ್ದ ಬದರುನ್ನಿಸಾ ಕೂಡ ನಿಂತಳು. ಕಲ್ಲವ್ವ ಪೆಟ್ಟಿಗೆ ತೆರೆದು ಮೇಲಿನ ಎಲೆ ತಿರುವಿದಳು. ಆಮೆ ಇರಲಿಲ್ಲ. ರಾಮನ ಪಂಗಡದ ಹತ್ತು ಬಾಣಗಳು ಸಾಲಾಗಿ ನಿಂತಿದ್ದವು.

"ಹತ್ತು ಬಂತಲ್ಲ!" ಎಂದ ಈಶಪ್ಪ, ಎಲೆ ನೋಡುವ ಮೊದಲೇ. "ರಾಮಂದು, ಅದೂ ಹತ್ತು. ಎಲ್ಲಾಕ್ಕಿಂತ ದೊಡ್ಡದು. ಹೋಗು ಅಂತ ಹೇಳ್ತದ."

ಬದರುನ್ನಿಸಾ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಈಶಪ್ಪಣ್ಣಾ, ಮೀನ ಆಮಿಗಳಾಗ ಹತ್ತು ದೊಡ್ಡದು. ರಾಮನ ಕಡೆ ಬಂದ್ರ ಒಂದು ದೊಡ್ಡದು, ಹತ್ತು ಎಲ್ಲಾಕ್ಕಿಂತ ಸಣ್ಣದು. ಇದನ್ನ ಮ್ಯಾಲ ತಂದಿಟ್ಟಾವ್ರಿಗೆ ಆಟ ಬರಂಗಿಲ್ಲ."

ಈಶಪ್ಪನ ಕಿವಿ ಕೆಂಪಾಯಿತು. ಸಿದ್ದಲಿಂಗವ್ವ ನಕ್ಕುಬಿಟ್ಟಳು. ಕಲ್ಲವ್ವ ನಗಲಿಲ್ಲ, ಬೈಯಲೂ ಇಲ್ಲ. ಬಾಣಗಳ ಎಲೆಯನ್ನು ಬದಿಗಿಟ್ಟು ಅದರ ಕೆಳಗಿನದನ್ನು ತೆಗೆದಳು. ಹಸಿರು ನೆಲದ ಮೇಲೆ ಒಂದೇ ಒಂದು ಆಮೆ.

ಆಕೆ ಅದನ್ನು ಬಹಳ ಹೊತ್ತು ನೋಡಿದಳು. ಮಂಜಿನಲ್ಲಿ ಹಾಸಿನ ನೂಲು ಬಿಗಿಯಾಗಿ ನಿಂತಿತ್ತು. ಅದರ ಆಚೆ ತುದಿ ಕಾಣುತ್ತಿರಲಿಲ್ಲ, ನರಗುಂದದವರೆಗೂ ಹೋಗಿದೆಯೇನೋ ಎಂಬಂತೆ. ಈ ಆಮೆ ಹೋದ ಸಲ ಬಂದದ್ದು ಸಿದ್ದಲಿಂಗವ್ವನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ. ಅಂದು ಕಲ್ಲವ್ವ ತೂಗುವ ಅಗತ್ಯವಿಲ್ಲದಿದ್ದರೂ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ಅದರ ಹಿಂದಿನ ಸಲ ಕಲ್ಲವ್ವ ಪಕ್ಕದ ಮನೆಯ ಕೂಸನ್ನು ಹೊತ್ತುಕೊಂಡು ಕಾಲಕಾಲೇಶ್ವರ ಗುಡಿಯ ಮೆಟ್ಟಿಲು ಹತ್ತಿದ್ದಳು, ತಾಯಿ ಕೇಳಿದರೂ ಕೊಟ್ಟಿರಲಿಲ್ಲ. ಅದಕ್ಕೂ ಹಿಂದೆ, ತವರಿಗೆ ಬಂದ ಹೊಸತರಲ್ಲಿ, ಇದೇ ಆಮೆಯನ್ನು ಹಿಡಿದು ಹಿತ್ತಲ ಬಾಗಿಲಿನ ಆ ಕೋಣೆಯನ್ನು ನೆನೆದು ಎಲೆಯನ್ನು ಮಗುಚಿಟ್ಟಿದ್ದಳು. ಇಷ್ಟು ಸುತ್ತುಗಳಲ್ಲಿ ಒಮ್ಮೆಯೂ ಆ ಮನೆ ಬೇಕೆಂದು ಅನ್ನಿಸಿರಲಿಲ್ಲ. ಗಂಡನ ಮುಖವೂ ಎಲೆಯಲ್ಲಿ ಬಂದಿರಲಿಲ್ಲ. ಬೇಕೆನಿಸಿದ್ದು ಬೇರೆ.

"ದ್ಯಾಮಪ್ಪಾ," ಎಂದಳು, "ನಾ ಬರಂಗಿಲ್ಲ ಅಂತ ಹೇಳು. ಕೂಸಿನ್ನ ಇಲ್ಲಿಗೆ ಕಳಿಸ್ಲಿ ಅಂತ ಹೇಳು. ಅಲ್ಲಿ ಹಾಲ ಕುಡಸಾವ್ರು ಯಾರದಾರ?"

"ಅಕ್ಕಾ, ಹುಚ್ಚ ಹಿಡದದೇನು? ಅವ ಕೊಡ್ತಾನೇನು?" ಎಂದ ಈಶಪ್ಪ.

"ಗಂಡ ಕೂಸಾಗಿದ್ರ ಕೊಡ್ತಿದ್ದಿಲ್ಲ."

ಎಲ್ಲರೂ ಸಿದ್ದಲಿಂಗವ್ವನತ್ತ ನೋಡಿದರು. ಹಾಲು ಕೊಡಬೇಕಾದವಳು ಅವಳೇ. "ನನ್ನನ್ನ ಯಾಕ ನೋಡ್ತೀರಿ? ಒಬ್ಬಾಂವ ಕಡೀತಾನ, ಇನ್ನೊಬ್ಬಾಕಿ ಕಡೀಲಿ," ಎಂದು ಅವಳು ಒಳಗೆ ಹೋದಳು.

ಕೂಸು ಬಂತು. ದ್ಯಾಮಪ್ಪನ ಹೆಂಡತಿ ದಾರಿಯುದ್ದಕ್ಕೂ ಆಡಿನ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸುತ್ತ, ಕಂಬಳಿಯಲ್ಲಿ ಸುತ್ತಿ ತಂದಿದ್ದಳು. ಕಲ್ಲವ್ವ ಅದನ್ನು ತೆಗೆದುಕೊಂಡಾಗ ಅತ್ತಳೆಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ.

ಒಂದೂವರೆ ವರ್ಷದ ನಂತರ ನರಗುಂದದಲ್ಲಿ ಬಂಡಾಯವಾಯಿತು. ಕೋಟೆ ಕಂಪನಿಯವರ ಕೈಗೆ ಬಿತ್ತು, ಪೇಟೆಯವರು ಗಂಟುಮೂಟೆ ಕಟ್ಟಿಕೊಂಡು ಓಡಿದರು. ಗಜೇಂದ್ರಗಡದ ಓಣಿ ಒಮ್ಮೆಲೇ ಜಾಣವಾಯಿತು. ಕಲ್ಲವ್ವನ ಎಲೆಗೆ ಎಲ್ಲ ಮೊದಲೇ ಗೊತ್ತಿತ್ತಂತೆ, ಅದಕ್ಕೇ ಆಕೆ ನರಗುಂದಕ್ಕೆ ಹೋಗಲಿಲ್ಲವಂತೆ! ಮನೆ ಬಾಗಿಲಿಗೆ ಜನ ಬರತೊಡಗಿದರು. "ಎಲಿಗೆ ಏನ ಗೊತ್ತು? ಬಣ್ಣ ಹಚ್ಚಿದ ಬಿಲ್ಲಿ ಅದು. ಹೋಗ್ರಿ, ಕೆಲಸ ನೋಡ್ರಿ," ಎಂದು ಆಕೆ ಅಟ್ಟಿದಳು.

ಒಂದು ಸಂಜೆ ಅಂದಾನಪ್ಪನೇ ಬಂದ. ರುಮಾಲಿನ ತುಂಬ ಧೂಳು. ಕಟ್ಟೆಯ ತುದಿಯಲ್ಲಿ ಕೂತು, ನೀರು ಕುಡಿದು, ತಡೆದು ತಡೆದು ಕೇಳಿದ: "ನಿನ್ನ ಎಲಿ ಒಂದೀಟು ನೋಡಿ ಹೇಳು. ತಿರುಗಿ ಹೋಗ್ಲೋ, ಇಲ್ಲೇ ಅಂಗಡಿ ಇಡ್ಲೋ?"

"ಅದ್ರಾಗ ನಿಮ್ದೇನೂ ಇಲ್ರಿ," ಎಂದಳು ಕಲ್ಲವ್ವ. "ನಿಮ್ದು ನೀವ ನೋಡ್ಕೋಬೇಕು."

ಅಷ್ಟರಲ್ಲಿ ಒಳಗೆ ಸದ್ದಾಯಿತು. ಗೌರವ್ವ ಪೆಟ್ಟಿಗೆಯನ್ನು ಮಗುಚಿ, ಎಲೆಗಳನ್ನು ಎರಡೂ ಕೈಯಿಂದ ಕಲಸುತ್ತಿದ್ದಳು. ಮೀನು ಕೊಡಲಿಗಳ ಮೇಲೆ, ಹಸುಗಳು ಗಿಂಡಿಗಳ ಕೆಳಗೆ. ಆಮೆಯ ಎಲೆ ಅವಳ ಬಾಯಲ್ಲಿತ್ತು. ಎಷ್ಟೋ ವರ್ಷದಿಂದ ಕಾಪಾಡಿಕೊಂಡು ಬಂದ ಸರದಿ ನೆಲದ ತುಂಬ ಹರಡಿತ್ತು.

ಕಲ್ಲವ್ವ ಮಗುವಿನ ಬಾಯಿಂದ ಆಮೆಯನ್ನು ಬಿಡಿಸಿ, ಸೆರಗಿನಿಂದ ಒರೆಸಿ, ಎಲ್ಲವನ್ನೂ ಕೈಗೆ ಬಂದ ಹಾಗೆ ಪೆಟ್ಟಿಗೆಗೆ ತುಂಬಿದಳು. ಹೊಂದಿಸಲು ಹೋಗಲಿಲ್ಲ. ಮರುದಿನ ಬೆಳಗ್ಗೆ, ಗಂಡ ಪಡಸಾಲೆಯಲ್ಲಿ ಇನ್ನೂ ಮಲಗಿದ್ದಾಗ, ಗೌರವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೇಲಿನ ಎಲೆ ತೆಗೆದಳು. ಇಷ್ಟು ವರ್ಷಗಳ ಮೇಲೆ ಮೊದಲ ಸಲ, ಯಾವುದು ಬರುತ್ತದೆಂದು ಆಕೆಗೆ ಗೊತ್ತಿರಲಿಲ್ಲ.