ಭಾಗಮ್ಮನ ಪಾಸ್‌ವರ್ಡ್

ಭಾಗಮ್ಮ, ನಿನ್ನ ವೈಫೈಗೆ ಬೀಗ ಇರಲಿಲ್ಲ. ಅದನ್ನು ತೆಗೆದವನು ನಾನು. ಇತ್ತೆಂದು ಠಾಣೆಯಲ್ಲಿ ಸುಳ್ಳು ಹೇಳಿದವನೂ ನಾನೇ.

ಮಣ್ಣೂರಿನಲ್ಲಿ ನೀನು ಆನ್‌ಲೈನ್ ಸೆಂಟರ್ ತೆರೆದಾಗ, ಅಫಜಲಪುರದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಿಂದ ವೈಫೈ ಜೋಡಿಸಲು ಬಂದಿದ್ದೆ. "ಪಾಸ್‌ವರ್ಡ್ ನೀನೇ ಹಾಕು ತಂಗಿ, ನನಗೂ ತೋರಿಸಬ್ಯಾಡ" ಎಂದು ದೊಡ್ಡ ಮನುಷ್ಯನಂತೆ ಮುಖ ತಿರುಗಿಸಿ ಕುಳಿತೆ. ನೀನು ಸೆರಗು ಮರೆಮಾಡಿ ಒಂದೊಂದೇ ಅಕ್ಷರ ಒತ್ತಿದೆ. ನನಗೆ ನಗು ಬಂದಿತ್ತು.

ಆಮೇಲೆ ನಿನ್ನ ಹಳೆಯ ಕಂಪ್ಯೂಟರ್ ಹಟ ಹಿಡಿಯಿತು. ವೈಫೈ ಹೆಸರು ಕಾಣುತ್ತಿತ್ತು; ಅದರ ಎನ್‌ಕ್ರಿಪ್ಶನ್ — ಅಂದರೆ ಆ ಬೀಗ — ಯಾವ ಬಗೆಯದೆಂದು ಮಾತ್ರ ಅದಕ್ಕೆ ಗುರುತು ಹತ್ತಲಿಲ್ಲ. ಪಾಸ್‌ವರ್ಡ್ ಎಷ್ಟು ಸಲ ಹಾಕಿದರೂ ಒಲ್ಲೆ ಎಂದಿತು. ರೂಟರ್ ಆರಿಸಿ ಹಚ್ಚಿದೆ, ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ... ಪಹಣಿಗೆ ಬಂದವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನನಗೆ ತಿಳಿಯುತ್ತಿಲ್ಲ, ಕೇಳಿಕೊಂಡು ಬರುತ್ತೇನೆ — ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿ ಬರಲಿಲ್ಲ. ರೂಟರಿನ ಸೆಟ್ಟಿಂಗಿನೊಳಗೆ ಹೋಗಿ ಬೀಗವನ್ನೇ ತೆಗೆದುಬಿಟ್ಟೆ. ತಕ್ಷಣ ಇಂಟರ್‌ನೆಟ್ ಬಂತು. ಬಾಗಿಲಲ್ಲಿದ್ದವರು ಶಾಭಾಸ್ ಎಂದರು, ನೀನು ಚಹಾ ತಂದೆ — ಅದನ್ನೂ ಕುಡಿದೆ.

"ಅಣ್ಣಾ, ಈ ಸಲ ಪಾಸ್‌ವರ್ಡ್ ಕೇಳ್ಲೇ ಇಲ್ಲಲ್ರಿ?"

"ಕಂಪ್ಯೂಟರ್ ನೆನಪಿಟ್ಕೊಂಡದ ತಂಗಿ. ಲಾಕ್ ಅದ, ಚಿಂತಿ ಮಾಡಬ್ಯಾಡ."

ನಿನ್ನ ಅನುಮಾನ ಸರಿಯಾಗಿಯೇ ಇತ್ತು. ಅದರ ಬಾಯಿಯನ್ನು ನಾನು ಮುಚ್ಚಿಸಿದೆ.

ಆಮೇಲೆ ಮರೆತೆ ಎನ್ನೋಣವೆಂದರೆ — ಇಲ್ಲ, ಮರೆತಿರಲಿಲ್ಲ. ಆಳಂದದಲ್ಲಿ ಅಂಥದೇ ಕಂಪ್ಯೂಟರ್ ಸರಿಮಾಡುವಾಗ ಉಪಾಯ ಕಲಿತೆ. ಕಲಿತ ಕೂಡಲೇ ನೀನೇ ನೆನಪಾದೆ. ಆದರೆ ಈಗ ಬಂದು ಬೀಗ ಹಾಕಿದರೆ, ಅಂದು ಯಾಕೆ ಹಾಕಿರಲಿಲ್ಲ ಎಂದು ನೀನು ಕೇಳುತ್ತಿದ್ದೆ. ಬರಲಿಲ್ಲ.

ಮುಂದಿನದು ಊರಿಗೆಲ್ಲ ಗೊತ್ತು. ಯಾರೋ ನಿನ್ನ ಎದುರು ಮನೆಯ ಶರಣಮ್ಮನ ಮಗಳ ಫೋಟೊ ಹಾಕಿ, ಅವಳ ಹೆಸರಿನಲ್ಲಿ ಖಾತೆ ತೆರೆದು, ಹೇಳಬಾರದ ಮಾತು ಬರೆದರು. ನಿಶ್ಚಯವಾಗಿದ್ದ ಅವಳ ಮದುವೆ ಮುರಿಯಿತು. ಪೊಲೀಸರು ಹುಡುಕಿದಾಗ ಅದೆಲ್ಲ ನಿನ್ನ ವೈಫೈಯಿಂದ ಹೋಗಿದ್ದು ಗೊತ್ತಾಯಿತು. ಬೀಗವಿಲ್ಲದ ಆ ವೈಫೈಯನ್ನು ಓಣಿಯಲ್ಲಿ ನಿಂತ ಯಾರು ಬೇಕಾದರೂ ಬಳಸಬಹುದಿತ್ತು.

ಸುದ್ದಿ ಕೇಳಿದವನೇ ಬೈಕ್ ಹತ್ತಿ ಓಡಿಬಂದೆ. ಧೈರ್ಯ ಹೇಳಲು ಬಂದಿದ್ದೇನೆಂದು ನೀನು ತಿಳಿದೆ. "ಒಮ್ಮಿ ಚೆಕ್ ಮಾಡ್ತೇನಿ" ಎಂದು ಕುಳಿತು ರೂಟರಿಗೆ ಬೀಗ ಹಾಕಿದೆ. ಕಂಪ್ಯೂಟರ್ ತಾನಾಗಿ ಗುರುತಿಸಲೆಂದು ಬಿಡದೆ, ಬೀಗದ ಬಗೆಯನ್ನು ನಾನೇ ಆರಿಸಿದೆ. ನೀನು ಮತ್ತೆ ಸೆರಗು ಮರೆಮಾಡಿ ಅದೇ ಪಾಸ್‌ವರ್ಡ್ ಹಾಕಿದೆ. ಬಂತು. ಅಷ್ಟೇ ಇತ್ತು ಕೆಲಸ. ಅಂದು ನಿನಗಾಗಿ ಮಾಡದ್ದನ್ನು ಈಗ ನನ್ನ ತಪ್ಪು ಮುಚ್ಚಿಕೊಳ್ಳಲು ಮಾಡಿದೆ.

ವೈಫೈ ಜೋಡಿಸಿದವನೆಂದು ನನ್ನನ್ನೂ ಠಾಣೆಗೆ ಕರೆಸಿದರು. ಅಲ್ಲಿ ಸಾಹೇಬರು ಪಾಸ್‌ವರ್ಡ್ ಯಾರಿಗೆ ಗೊತ್ತೆಂದು ಕೇಳಿದರು.

"ನನಗೊಬ್ಬಾಕಿಗೇ ರೀ. ನನ್ನ ಗಂಡಗೂ ಹೇಳಿಲ್ರಿ," ಎಂದೆ ನೀನು. ಆ ದನಿಯಲ್ಲಿ ಹೆಮ್ಮೆ ಇತ್ತು.

ಅವರು ನನ್ನ ಕಡೆ ತಿರುಗಿದರು. "ಲಾಕ್ ಮೊದಲಿಂದನೂ ಇತ್ತೇನು?"

"ಹೌದ್ರಿ ಸಾಹೇಬ್ರ. ನಾನೇ ಹಾಕೇನ್ರಿ."

ನೀನು ಹೇಳಿದ ನಿಜಕ್ಕೆ ನನ್ನ ಸುಳ್ಳು ಸೇರಿತು. ಊರಿನ ಕಣ್ಣಿಗೆ ಆ ಕೆಲಸ ಮಾಡಿದವಳು ನೀನೇ ಆದೆ. ಬೇರೆ ಪುರಾವೆ ಸಿಗದೆ ಕೇಸು ನಿಂತಿತು, ಊರ ಬಾಯಿ ನಿಲ್ಲಲಿಲ್ಲ. ಶರಣಮ್ಮ ನಿನ್ನ ಬಾಗಿಲಿಗೆ ಮಣ್ಣು ತೂರಿ ಶಾಪ ಹಾಕಿದಳು. ಸೆಂಟರಿಗೆ ಜನ ಬರುವುದು ನಿಂತಿತು. ನೀನು ಬಾಗಿಲು ಹಾಕಿ, ಸಂಸಾರ ಸಮೇತ ಜೇವರ್ಗಿ ಸೇರಿದೆ. ಆಗಲೂ ನಾನು — ಏನು ಹೇಳಲಿ, ಅಂಗಡಿ ತೆರೆದು ಕುಳಿತಿದ್ದೆ.

ಮೊನ್ನೆ ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಕಂಡೂ ಕಾಣದಂತೆ ಹೊರಟ ನನ್ನನ್ನು ನೀನೇ ಕರೆದೆ.

"ಅಣ್ಣಾ, ಇಷ್ಟ್ ವರ್ಸಾದ್ರೂ ಅದನ್ನ ವಿಚಾರ ಮಾಡಾಕತ್ತೇನ್ರಿ. ಆ ಪಾಸ್‌ವರ್ಡ್ ಯಾರ ಮುಂದರ ಬಾಯಿ ಬಿಟ್ಟೇನೇನೋ... ನಿದ್ದಿಗಣ್ಣಾಗರ ಅಂದೇನೇನೋ... ನನ್ನಿಂದನ ಆ ಹುಡುಗಿ ಬಾಳು ಕೆಟ್ಟಿತೇನ್ರಿ?"

ಬಸ್ ಬಂತೆಂದು ಹೇಳಿ ಹೊರಟುಬಿಟ್ಟೆ. ಬಸ್ ಬಂದಿರಲಿಲ್ಲ.

ನಾಚಿಕೆಯಾಗುತ್ತದೆ, ಭಾಗಮ್ಮ. ಅಂದಿನದಕ್ಕಿಂತ ಮೊನ್ನೆಯದಕ್ಕೆ ಹೆಚ್ಚು ನಾಚಿಕೆಯಾಗುತ್ತದೆ. ಅಂದು ನನಗೆ ಕೆಲಸ ತಿಳಿದಿರಲಿಲ್ಲ. ಮೊನ್ನೆ ಎಲ್ಲವೂ ತಿಳಿದಿತ್ತು.

ನಾಳೆ ಮಣ್ಣೂರಿಗೆ ಹೋಗುತ್ತೇನೆ. ಶರಣಮ್ಮನ ಅಂಗಳದಲ್ಲಿ ನಿಂತು, ಓಣಿಯೆಲ್ಲ ಕೇಳುವಂತೆ ಇದಿಷ್ಟನ್ನೂ ಹೇಳುತ್ತೇನೆ. ನಿನ್ನ ಬಾಗಿಲಿಗೆ ತೂರಿದ ಮಣ್ಣನ್ನು ಅವಳು ನನ್ನ ಮೇಲೆ ತೂರಲಿ. ಅಲ್ಲಿಂದ ಠಾಣೆಗೆ ಹೋಗುತ್ತೇನೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ.

ನೀನು ಮಾತ್ರ ಇನ್ನು ಆ ಪಾಸ್‌ವರ್ಡಿನ ಚಿಂತೆ ಬಿಡು. ಅದು ನಿನ್ನ ಬಾಯಿಂದ ಎಲ್ಲಿಗೂ ಹೋಗಿರಲಿಲ್ಲ ತಂಗಿ — ನಿನ್ನ ಹತ್ತಿರವೇ ಇತ್ತು.