ಯಾರೂ ಕೇಳದ ಮಾತು

ಬೆಳಗಾವಿಯಲ್ಲಿ ಸಂಸ್ಕೃತ ಮಾಸ್ತರನಾಗಿದ್ದ ನನಗೆ ಆ ವರ್ಷ ಪ್ರಾಚೀನ ಸ್ಲಾವ್ ಭಾಷೆಯ ಹುಚ್ಚು ಹಿಡಿದಿತ್ತು. ಅದರಲ್ಲಿ ‘ಮೆರ್ತಿ’ ಎಂದರೆ ಸಾಯುವುದು. ಸಂಸ್ಕೃತದ ‘ಮೃ’ ಧಾತುವಿನ ಬಳಗದ್ದು. ಆದರೆ ಆ ಶಬ್ದವನ್ನು ಯಾರೂ ಬರೆದಿಟ್ಟಿಲ್ಲ. ರಷ್ಯನ್, ಪೋಲಿಷ್, ಸರ್ಬಿಯನ್ ರೂಪಗಳನ್ನು ಹೋಲಿಸಿ ಪಂಡಿತರು ಕಟ್ಟಿದ್ದು. ಅದಕ್ಕೇ ಅಂಥ ಶಬ್ದದ ಮೊದಲಿಗೆ ನಕ್ಷತ್ರದಂಥ ಒಂದು ಚುಕ್ಕಿ ಇಡುತ್ತಾರೆ: ಇದನ್ನು ಕೇಳಿದವರಿಲ್ಲ ಎಂದು.

ಅವ್ವಗೆ ಜ್ವರ ಎಂದು ಖಾನಾಪುರದಿಂದ ಕಾಗದ ಬಂತು. ಈ ಅಧ್ಯಾಯ ಮುಗಿಸಿ ಹೋದರಾಯಿತು ಎಂದುಕೊಂಡೆ, ಮೂರ್ಖ. ನಾನು ರೈಲು ಇಳಿಯುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು.

“ಕಡೀಕ ಏನಂದ್ಲು ಅವ್ವ?” ಎಂದು ಕೇಳಿದೆ.

“ತಮ್ಮ ಬಂದ್ನೇನು ಅಂದ್ಲು” ಎಂದ ಅಣ್ಣ. “ಅವಗ ಊಟಕ್ಕ ಹಾಕ್ರಿ ಅಂದ್ರು” ಎಂದಳು ಅತ್ತಿಗೆ. ಬಾಜೂ ಮನೆಯ ಮರಾಠಿ ಮುದುಕಿ, ಬರೀ ನಿನ್ನ ಹೆಸರು ಹಿಡಿದು ಕರೆದಳು ಎಂದಳು.

ಚಟ ಬಿಡಲಿಲ್ಲ. ಮೂರನ್ನೂ ಬರೆದುಕೊಂಡು, ಹೋಲಿಸಿ, ಅವ್ವ ಖರೇ ಆಡಿರಬಹುದಾದ ಒಂದು ವಾಕ್ಯ ಕಟ್ಟಿ ಅಣ್ಣನಿಗೆ ಓದಿ ಹೇಳಿದೆ.

ಅಣ್ಣ ತಲೆ ತಗ್ಗಿಸಿದ. “ಸಾಕ್ ಬಿಡೋ ತಮ್ಮಾ. ನಾಟಿ ನಡದಿತ್ತು. ನಾವೆಲ್ಲಾ ಗದ್ದ್ಯಾಗ ಇದ್ವಿ, ಆ ಮುದುಕಿ ಸುದ್ದಾ. ಬಂದು ನೋಡೂದ್ರಾಗ ಮೈ ತಣ್ಣಗಾಗಿತ್ತು.”

ಪೆನ್ಸಿಲ್ ತೆಗೆದುಕೊಂಡು ವಾಕ್ಯದ ಮೊದಲಿಗೆ ಚುಕ್ಕಿ ಇಟ್ಟೆ.