ಅಕ್ಕನ ಟಚ್‌ಪ್ಯಾಡ್

ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಚುರುಕಪ್ಪ ಎಂದು. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೆಲಸ ಮಾಡಲು ಬೇಕಾದ ಡ್ರೈವರ್ ಪ್ರೋಗ್ರಾಂ ಬರೆಯುವುದೇ ಹತ್ತು ವರ್ಷದಿಂದ ಅವನ ಕಸುಬು. ನಿಧಾನ ಅಂದರೆ ಮೈಯೆಲ್ಲ ಉರಿ.

ಅಂಥವನ ಒಡಹುಟ್ಟಿದ ಅಕ್ಕನ ಲ್ಯಾಪ್‌ಟಾಪೇ ಕೈಕೊಡಬೇಕೆ! ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ಪರದೆಯ ಮೇಲಿನ ಬಾಣ ಜಪ್ಪಯ್ಯ ಅಂದರೂ ಕದಲಲಿಲ್ಲ. ಅಕ್ಕ ಪಠ್ಯಪುಸ್ತಕಗಳ ಕರಡು ತಿದ್ದುವವಳು. ಪಾರ್ಶ್ವವಾಯು ಬಡಿದ ಮೇಲೆ ಮೌಸ್ ಹಿಡಿಯಲು ಕೈ ಬಾರದು. ಒಂದು ತೋರುಬೆರಳು ಮಾತ್ರ ಹೇಳಿದ ಹಾಗೆ ಕೇಳುತ್ತದೆ. ಸಂಜೆಯೊಳಗೆ ಕರಡು ಕಳಿಸದಿದ್ದರೆ ಕೆಲಸ ಬೇರೆಯವರಿಗೆ ಎಂದು ಪ್ರಕಾಶಕರು ಖಡಾಖಂಡಿತವಾಗಿ ಹೇಳಿದ್ದರು.

"ಟೀ ಗೀ ಚೆಲ್ಲಿದ್ಯಾ?" ಎಂದ ತಮ್ಮ.

"ನಾನ್ಯಾಕೋ ಚೆಲ್ಲಲಿ? ಆರು ವರ್ಷದಿಂದ ಮಗು ಥರ ನೋಡ್ಕೊಂಡಿದೀನಿ."

ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿದ, ಒಳಗಿನ ತಂತಿ ಒರೆಸಿ ಮತ್ತೆ ಸಿಕ್ಕಿಸಿದ. ಊಹೂಂ. ಮಧ್ಯಾಹ್ನದ ಹೊತ್ತಿಗೆ, ಸಿಸ್ಟಂ ಶುರುವಾಗುವಾಗ ತಾನೇ ಬರೆದಿಡುವ ದಾಖಲೆಯನ್ನು ತೆರೆದು ಓದಿದ. ಶುರುವಾಗುವ ಆ ಗಳಿಗೆಯಲ್ಲಿ ಡ್ರೈವರ್ ಟಚ್‌ಪ್ಯಾಡನ್ನು 'ನೀನು ಯಾರು?' ಎಂದು ಕೇಳಬೇಕು, ಉತ್ತರಕ್ಕೆ ಕಾಯಬೇಕು. ಈ ಹಳೆಯ ಟಚ್‌ಪ್ಯಾಡ್ ಉತ್ತರವನ್ನೇನೋ ಕೊಟ್ಟಿತ್ತು. ಅಷ್ಟರಲ್ಲಿ ಡ್ರೈವರ್ 'ಯಾರೂ ಇಲ್ಲ' ಎಂದು ಬರೆದು ಮುಂದೆ ಹೋಗಿತ್ತು! ಅರ್ಧ ಸೆಕೆಂಡು ಕಾಯಬೇಕಾದದ್ದು ಅದರ ಹತ್ತನೇ ಒಂದು ಪಾಲೂ ಕಾದಿರಲಿಲ್ಲ. ಇದು ಯಾವ ಪುಣ್ಯಾತ್ಮನ ಕೆಲಸ ಎಂದು ಡ್ರೈವರನ್ನು ತಿದ್ದಿದವರ ಪಟ್ಟಿಯಲ್ಲಿ ಹುಡುಕಿದರೆ, ಅಲ್ಲಿದ್ದದ್ದು ಅವನದೇ ಹೆಸರು. ಸಿಸ್ಟಂ ಬೇಗ ಶುರುವಾಗಲಿ ಎಂದು ಹೋದ ತಿಂಗಳು ತಾನೇ ಆ ಕಾಯುವ ಸಮಯವನ್ನು ಕಡಿತ ಮಾಡಿ, ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದ. ಪರೀಕ್ಷಿಸಿದ್ದೆಲ್ಲ ಹೊಚ್ಚಹೊಸ ಯಂತ್ರಗಳ ಮೇಲೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅರ್ಧ ಸೆಕೆಂಡು ವಾಪಸ್ ಕೊಟ್ಟು, ಮತ್ತೆ ಶುರು ಮಾಡಿ ಅಕ್ಕನ ಮುಂದಿಟ್ಟ. ಅವಳು ಹೆದರಿ ಹೆದರಿ ಬೆರಳಿಟ್ಟಳು. ಬಾಣ ಸರಸರ ಸರಿದು ಮೊದಲ ಸಾಲಿನ ತಪ್ಪಿನ ಮೇಲೆ ನಿಂತಿತು.

"ಅಬ್ಬಾ, ಬಂತು ಕಣೋ!" ಅಕ್ಕನ ಕಣ್ಣು ತುಂಬಿತು. ತಮ್ಮನಿಗೂ ಹೋದ ಜೀವ ಬಂದಂತಾಯಿತು. "ಏನಾಗಿತ್ತೋ ಇದಕ್ಕೆ?"

"ತಪ್ಪು ನಂದೇ ಅಕ್ಕಾ. ಇದು ಉತ್ತರ ಕೊಡೋವರೆಗೂ ಕಾಯೋ ಹಾಗೆ ಬರೆದಿರ್ಲಿಲ್ಲ."

"ನೀನಾ?" ಅಕ್ಕ ನಕ್ಕುಬಿಟ್ಟಳು. "ಆಸ್ಪತ್ರೇಲಿ ನನಗೆ ಒಂದು ಮಾತು ಹೊರಡೋಕೆ ಎರಡು ತಿಂಗಳು ಹಿಡೀತು. ದಿನಾ ಪಕ್ಕದಲ್ಲೇ ಕೂತು ಕಾದೋನು ನೀನೇ ಅಲ್ವೇನೋ?"

ಅವನು ಇನ್ನೆಷ್ಟು ಮನೆಗಳಲ್ಲಿ ಬಾಣ ನಿಂತುಹೋಗಿದೆಯೋ ಎಂದುಕೊಂಡು, ಕಣ್ಣೊರೆಸಿ, ಆ ತಿದ್ದುಪಡಿಯನ್ನು ಕಚೇರಿಗೆ ಕಳಿಸಲು ಕೂತ.